ಕೇಳಿ, ಹೇಳ್ತೀವಿ: ಅಮೆರಿಕದ ಕೋರ್ಟನ್ನು ಯಾರು ನಂಬ್ತಾರೆ, ಯಾರು ನಂಬಲ್ಲ?

ಹೋದ ಸಂಚಿಕೆಯಲ್ಲಿ ಜ್ಯೂರಿ ಪದ್ಧತಿ, ಅಂದರೆ ಸಾಮಾನ್ಯ ಜನರೇ ಕೋರ್ಟಿನಲ್ಲಿ ಕೂತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ಪದ್ಧತಿ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬಹಳಷ್ಟು ಅದೇ ವಿಷಯದವು. ಅಲ್ಲಿನ ಕಪ್ಪು ಜನ ಕೋರ್ಟು ಅಂದರೆ ಯಾಕೆ ಮೂಗು ಮುರೀತಾರೆ, ನಮ್ಮವರು ಯಾಕೆ ಅಷ್ಟು ನಂಬ್ತಾರೆ, ಇದರಲ್ಲಿ ನಿಜ ಎಷ್ಟು ಅಂತ. ಆದ್ದರಿಂದ ಪಿತ್ರಾರ್ಜಿತ ಆಸ್ತಿ, ಖಾತೆ ಬದಲಾವಣೆ, ಬಾಡಿಗೆ ಮನೆ ತಗಾದೆ ಎಲ್ಲ ಮುಂದಿನ ಸಂಚಿಕೆಗೆ. ಕಾಯ್ತಾ ಇರುವವರು ದಯವಿಟ್ಟು ಬೈಯಬೇಡಿ.

ಪ್ರಶ್ನೆ: ನಮ್ಮೂರು ತುಮಕೂರು, ಈಗ ಇರೋದು ನ್ಯೂಜೆರ್ಸಿ. ಸಿಟಿಜನ್‌ಶಿಪ್ ಸಿಕ್ಕಿ ಇನ್ನೂ ವರ್ಷ ಆಗಿಲ್ಲ, ಆಗಲೇ ಜ್ಯೂರಿ ಡ್ಯೂಟಿಗೆ ಬನ್ನಿ ಅಂತ ಸಮನ್ಸ್ ಬಂದಿದೆ. 'ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದುಬಿಡು, ಬಿಟ್ಟುಬಿಡ್ತಾರೆ' ಅಂತ ಗೆಳೆಯರು ಹೇಳ್ತಾರೆ. ಆಫೀಸಿನ ಕಪ್ಪು ಸಹೋದ್ಯೋಗಿ ಒಬ್ಬರಿಗೆ ಹೇಳಿದರೆ ನಕ್ಕುಬಿಟ್ಟರು. 'ನೀನು ಹೋಗು, ನನ್ನನ್ನಂತೂ ಅಲ್ಲಿ ಕೂರಿಸಲ್ಲ' ಅಂದರು. ಹಾಗ್ಯಾಕೆ ಅಂದರು?

ಮೊದಲು ನಿಮ್ಮ ವಿಷಯ. ಸುಳ್ಳು ಬರೆದು ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿ ದಿನವಿಡೀ ಮೀಟಿಂಗ್ ಮಾಡುವವರು ಇಂಗ್ಲಿಷ್ ಬರಲ್ಲ ಅಂತ ಬರೆದುಕೊಟ್ಟು ಸಿಕ್ಕಿಬಿದ್ದರೆ ಅದಕ್ಕಿಂತ ಮುಜುಗರ ಬೇರೆ ಬೇಕಾ? ಹೋಗಿ ಬನ್ನಿ. ಸುಮಾರು ಜನರಿಗೆ ಇಡೀ ದಿನ ಕೂತು ಕಾದು ವಾಪಸ್ ಬರೋದೇ ಆಗುತ್ತದೆ.

ಇನ್ನು ನಿಮ್ಮ ಸಹೋದ್ಯೋಗಿಯ ನಗು. ಅದರ ಹಿಂದೆ ದೊಡ್ಡ ಕಥೆ ಇದೆ. ಸಮನ್ಸ್ ಬಂದವರೆಲ್ಲ ಜ್ಯೂರಿಯಲ್ಲಿ ಕೂರಲ್ಲ. ಜಡ್ಜು, ಎರಡೂ ಕಡೆ ವಕೀಲರು ಒಬ್ಬೊಬ್ಬರನ್ನೇ ಪ್ರಶ್ನೆ ಕೇಳಿ ಆರಿಸುತ್ತಾರೆ. ಆಗ ಪ್ರತಿ ಪಕ್ಷಕ್ಕೂ ಇಂತಿಷ್ಟು ಜನರನ್ನು ಕಾರಣವನ್ನೇ ಹೇಳದೆ 'ಇವರು ಬೇಡ' ಅನ್ನುವ ಹಕ್ಕಿರುತ್ತದೆ. ಕಪ್ಪು ಜನರನ್ನು ಜ್ಯೂರಿಯಿಂದ ಆಚೆ ಇಡಲು ಎಷ್ಟೋ ವರ್ಷ ಬಳಕೆಯಾದದ್ದು ಈ ಹಕ್ಕೇ. ಬಿಳಿ ಗಂಡಸರು ಮಾತ್ರ ಜ್ಯೂರಿ ಅನ್ನುವ ವೆಸ್ಟ್ ವರ್ಜೀನಿಯಾದ ಕಾನೂನನ್ನು ಸುಪ್ರೀಂ ಕೋರ್ಟ್ 1880ರಲ್ಲೇ ಹೊಡೆದುಹಾಕಿತ್ತು. ಕಾನೂನು ಹೋಯಿತು, ಅಭ್ಯಾಸ ಹೋಗಲಿಲ್ಲ. ಬಣ್ಣ ನೋಡಿ ಒಬ್ಬರನ್ನು ತೆಗೆದುಹಾಕುವುದು ಸಂವಿಧಾನಕ್ಕೆ ವಿರುದ್ಧ, ಅನುಮಾನ ಬಂದರೆ ಸರ್ಕಾರಿ ವಕೀಲರು ಕಾರಣ ಕೊಡಲೇಬೇಕು ಅಂತ ಗಟ್ಟಿಯಾಗಿ ಹೇಳಿದ್ದು 1986ರಲ್ಲಿ, ಕೆಂಟಕಿಯ ಬ್ಯಾಟ್ಸನ್ ಪ್ರಕರಣದಲ್ಲಿ. ನೂರಾ ಆರು ವರ್ಷ ಆದಮೇಲೆ.

ಅದಾದರೂ ನಿಂತಿತಾ? ಜಾರ್ಜಿಯಾದಲ್ಲಿ 1987ರಲ್ಲಿ ಫಾಸ್ಟರ್ ಅನ್ನುವ ಕಪ್ಪು ಯುವಕನ ಕೊಲೆ ವಿಚಾರಣೆ ನಡೆಯಿತು. ಕೊನೆಗೆ ಉಳಿದಿದ್ದ ನಾಲ್ಕೂ ಜನ ಕಪ್ಪು ಅಭ್ಯರ್ಥಿಗಳನ್ನು ಸರ್ಕಾರಿ ವಕೀಲರು ತೆಗೆದುಹಾಕಿದರು. ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ವಾದ ಮಾಡಿದರು. ಸುಮಾರು ಇಪ್ಪತ್ತು ವರ್ಷದ ಮೇಲೆ ಅವರ ಫೈಲು ಕೈಗೆ ಸಿಕ್ಕಿತು. ನಮ್ಮ ಮಾಹಿತಿ ಹಕ್ಕಿನಂಥದ್ದು ಅಲ್ಲೂ ಇದೆ, ಅದರಡಿ ಅರ್ಜಿ ಹಾಕಿ ತೆಗೆಸಿದ್ದು. ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಹೈಲೈಟರ್ ಎಳೆದಿದ್ದಾರೆ. ಹಸಿರು ಅಂದರೆ ಕಪ್ಪು ಜನ ಅಂತ ಮೂಲೆಯಲ್ಲಿ ವಿವರಣೆ ಬೇರೆ. ಪಕ್ಕದಲ್ಲಿ 'ಬಿ' ಅನ್ನುವ ಅಕ್ಷರ. ಒಬ್ಬ ಹೆಂಗಸನ್ನು ತೆಗೆಯಲು ಕೊಟ್ಟ ಕಾರಣಗಳಲ್ಲಿ ಒಂದು, 'ವಯಸ್ಸು ಚಿಕ್ಕದು' ಅಂತ. ಆಕೆಗೆ 34. ಅದೇ ಜ್ಯೂರಿಯಲ್ಲಿ ಕೂತ ಒಬ್ಬ ಬಿಳಿಯರಿಗೆ 21! 2016ರಲ್ಲಿ ಸುಪ್ರೀಂ ಕೋರ್ಟ್ 7-1ರಿಂದ ಆ ಆಯ್ಕೆ ತಪ್ಪು ಅಂದಿತು.

ಇದಕ್ಕೂ ಮೀರಿದ್ದು ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಪ್ರಕರಣ. ಒಂದೇ ಆರೋಪಕ್ಕೆ ಆರು ಸಲ ವಿಚಾರಣೆ, ಆರೂ ಸಲ ಸರ್ಕಾರದ ಕಡೆ ಅದೇ ವಕೀಲರು. ತಾವು ತೆಗೆಯಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಜನರನ್ನು ಅವರು ತೆಗೆದರು. ಆರನೇ ವಿಚಾರಣೆಯಲ್ಲಿ, ತೆಗೆದುಹಾಕಿದ ಐದು ಕಪ್ಪು ಜನರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದಾರೆ. ಜ್ಯೂರಿಯಲ್ಲಿ ಕೂತ 11 ಬಿಳಿಯರಿಗೆ ಎಲ್ಲ ಸೇರಿ 12 ಪ್ರಶ್ನೆ. ಅಂದರೆ ಒಬ್ಬರಿಗೆ ಬಾಯಿ ಒಣಗುವಷ್ಟು ಪ್ರಶ್ನೆ, ಇನ್ನೊಬ್ಬರಿಗೆ 'ಚೆನ್ನಾಗಿದ್ದೀರಾ, ಬನ್ನಿ ಕೂತ್ಕೊಳ್ಳಿ'. 2019ರಲ್ಲಿ ಸುಪ್ರೀಂ ಕೋರ್ಟ್ ಈ ಶಿಕ್ಷೆಯನ್ನೂ ರದ್ದು ಮಾಡಿತು, 2020ರಲ್ಲಿ ಕೇಸೇ ಕೈಬಿಟ್ಟರು. ಅಷ್ಟರಲ್ಲಿ ಆ ಮನುಷ್ಯ ಇಪ್ಪತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು.

ಎಲ್ಲವೂ ಬೇಕಂತಲೇ ಆಗುತ್ತದೆ ಅಂತಲೂ ಅಲ್ಲ. ಕನೆಕ್ಟಿಕಟ್‌ನಲ್ಲಿ ಹಾರ್ಟ್‌ಫರ್ಡ್ ಅಂತ ಊರಿದೆ, ಕಪ್ಪು ಜನ ಮತ್ತು ಪೋರ್ಟೊ ರಿಕೊ ಕಡೆಯವರು ಜಾಸ್ತಿ. ಆ ಊರಿನ ಜನಕ್ಕೆ ಫೆಡರಲ್ (ಅಂದರೆ ಕೇಂದ್ರದ) ಕೋರ್ಟಿನ ಜ್ಯೂರಿ ಪತ್ರವೇ ಬರುತ್ತಿರಲಿಲ್ಲ. ಯಾಕೆ ಅಂತ ನೋಡಿದರೆ, ಊರಿನ ಹೆಸರಿನ ಕೊನೆಯ 'ಡಿ' ಅಕ್ಷರ ಕಂಪ್ಯೂಟರಿನಲ್ಲಿ ಪಕ್ಕದ ಕಾಲಮ್ಮಿಗೆ ಜಾರಿತ್ತು. ಆ ಕಾಲಮ್ಮಿನಲ್ಲಿ 'ಡಿ' ಅಂದರೆ ಸತ್ತವರು ಅಂತ ಅರ್ಥ. ಊರಿಗೆ ಊರನ್ನೇ ಕಂಪ್ಯೂಟರ್ ಸಾಯಿಸಿಬಿಟ್ಟಿತ್ತು! ಇದು ಬಯಲಾಗಿ 1992ರಲ್ಲಿ ತೀರ್ಪು ಬಂತು. ನಗು ಬರುತ್ತದೆ ನಿಜ. ಆದರೆ ಜ್ಯೂರಿಯಲ್ಲಿ ತಮ್ಮವರು ಒಬ್ಬರೂ ಯಾಕಿಲ್ಲ ಅಂತ ಅಲ್ಲಿ ಕಟಕಟೆಯಲ್ಲಿ ನಿಂತವರಿಗೆ ನಗು ಬಂದಿರಲಿಕ್ಕಿಲ್ಲ.

ಈಗ ಸ್ವಲ್ಪ ಬದಲಾಗ್ತಾ ಇದೆ. ಅರಿಝೋನಾದಲ್ಲಿ 2022ರ ಜನವರಿಯಿಂದ ಕಾರಣ ಹೇಳದೆ ತೆಗೆಯುವ ಹಕ್ಕನ್ನೇ ತೆಗೆದುಹಾಕಿದ್ದಾರೆ. ವಾಷಿಂಗ್ಟನ್ ರಾಜ್ಯ, ಕ್ಯಾಲಿಫೋರ್ನಿಯಾ ಬಿಗಿ ನಿಯಮ ಮಾಡಿವೆ. ನಿಮ್ಮ ಸಹೋದ್ಯೋಗಿಗೂ ಮುಂದಿನ ಸಲ ಸಮನ್ಸ್ ಬಂದರೆ ಹೋಗಿ ಅಂತ ಹೇಳಿ ನೋಡಿ. ಅವರು ಮತ್ತೆ ನಕ್ಕರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ತಪ್ಪು ಮಾಡಿ ಶಿಕ್ಷೆ ಆದವರು ಯಾವ ದೇಶದಲ್ಲಾದರೂ ಕೋರ್ಟನ್ನು ಬೈತಾರೆ. ಅದಕ್ಕೆ ಬಣ್ಣದ ವಿಷಯ ಯಾಕೆ ತರಬೇಕು? — ದಾವಣಗೆರೆಯ ಓದುಗರು

ನಿಮ್ಮ ಮಾತು ಕೇಳಲು ಸರಿಯಾಗೇ ಇದೆ. ನಮ್ಮಲ್ಲೂ 'ಗೆದ್ದವನು ಸೋತ, ಸೋತವನು ಸತ್ತ' ಅಂತಾರೆ, ಸೋತವನಿಂದ ಹೊಗಳಿಕೆ ಯಾರು ನಿರೀಕ್ಷೆ ಮಾಡ್ತಾರೆ? ಆದರೆ ವಿಷಯ ಹಾಗಿಲ್ಲ. ಟಾಮ್ ಟೈಲರ್ ಅನ್ನುವ ಮನಶ್ಶಾಸ್ತ್ರಜ್ಞರು 1984ರಲ್ಲಿ ಷಿಕಾಗೊದಲ್ಲಿ 1,575 ಜನರನ್ನು ಮಾತನಾಡಿಸಿದರು. ಪೊಲೀಸು, ಕೋರ್ಟು ಜೊತೆ ನಿಮ್ಮ ಅನುಭವ ಏನು ಅಂತ. ಗೆದ್ದರಾ ಸೋತರಾ ಅನ್ನುವುದಕ್ಕಿಂತ ತಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದೇ ಜನಕ್ಕೆ ಮುಖ್ಯವಾಗಿತ್ತು. ನನ್ನ ಮಾತು ಪೂರ್ತಿ ಕೇಳಿದರಾ, ಮರ್ಯಾದೆಯಿಂದ ಮಾತಾಡಿಸಿದರಾ, ಪಕ್ಕದವನಿಗೆ ಇರೋ ರೂಲ್ಸೇ ನನಗೂ ಇತ್ತಾ. ಇಷ್ಟು ಸಿಕ್ಕರೆ ಸೋತವನೂ 'ಹೋಗ್ಲಿ ಬಿಡು' ಅಂತಾನೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟುಗಳ ಸಮೀಕ್ಷೆಯಲ್ಲೂ ಇದೇ ಬಂತು.

ಹಾಗಾದರೆ ಅಲ್ಲಿನ ಕಪ್ಪು ಜನಕ್ಕೆ ಸಿಕ್ಕಿದ್ದೇನು? ಮಿಸೌರಿಯ ಫರ್ಗುಸನ್ ಅನ್ನುವ ಊರು ತಗೊಳ್ಳಿ. 2014ರ ಸುಮಾರಿಗೆ ಜನಸಂಖ್ಯೆ 21 ಸಾವಿರ, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಮೂರರಲ್ಲಿ ಎರಡು ಭಾಗ ಕಪ್ಪು ಜನ. 2014ರಲ್ಲಿ ಮೈಕಲ್ ಬ್ರೌನ್ ಅನ್ನುವ ಹುಡುಗ ಪೊಲೀಸ್ ಗುಂಡಿಗೆ ಸತ್ತಮೇಲೆ ಕೇಂದ್ರದ ನ್ಯಾಯ ಇಲಾಖೆ ಆ ಊರಿನ ದಫ್ತರವನ್ನೆಲ್ಲ ತಡಕಾಡಿ 2015ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಊರಿನ ಮುನಿಸಿಪಲ್ ಕೋರ್ಟು ಕೋರ್ಟಿನ ಹಾಗೆ ಕೆಲಸ ಮಾಡ್ತಾನೇ ಇರಲಿಲ್ಲ. ಪುರಸಭೆಗೆ ಆದಾಯ ತರುವ ವಸೂಲಿ ಕಚೇರಿ ಆಗಿತ್ತು. ಒಂದೇ ಆರ್ಥಿಕ ವರ್ಷದಲ್ಲಿ 9,000ಕ್ಕೂ ಮೇಲೆ ವಾರಂಟ್. ಯಾವುದಕ್ಕೆ? ಬಹುಪಾಲು ಪಾರ್ಕಿಂಗ್, ಟ್ರಾಫಿಕ್, ಮನೆ ಮುಂದೆ ಹುಲ್ಲು ಬೆಳೆದಿದೆ, ಇಂಥವಕ್ಕೆ.

ಆ ವರದಿಯಲ್ಲಿ ಒಬ್ಬ ಹೆಂಗಸಿನ ಕಥೆ ಇದೆ, ಅದೊಂದು ಸಾಕು. 2007ರಲ್ಲಿ ಆಕೆ ಕಾರನ್ನು ತಪ್ಪಾಗಿ ನಿಲ್ಲಿಸಿದ್ದಕ್ಕೆ ಎರಡು ಚೀಟಿ ಬಂತು, ದಂಡ 151 ಡಾಲರ್, ಮೇಲೆ ಫೀಸು. ಆಕೆಯ ಕೈಯಲ್ಲಿ ದುಡ್ಡಿಲ್ಲ, ಆಗಾಗ ಇರಲು ಮನೆಯೂ ಇಲ್ಲ. ಕಂತು ತಪ್ಪಿದಾಗ, ವಾಯಿದೆಗೆ ಬರದಿದ್ದಾಗ ಪ್ರತಿ ಸಲ ಹೊಸ ದಂಡ, ಹೊಸ ವಾರಂಟ್. ಎರಡು ಸಲ ಅರೆಸ್ಟ್ ಮಾಡಿದರು, ಆರು ದಿನ ಜೈಲು. ಮಧ್ಯೆ 25 ಡಾಲರ್, 50 ಡಾಲರ್ ಕಟ್ಟಲು ಹೋದರೆ ಪೂರ್ತಿ ಕಟ್ಟಿ ಅಂತ ವಾಪಸ್ ಕಳಿಸಿದ್ದೂ ಉಂಟು. 2014ರ ಕೊನೆಗೆ ಆಕೆ ಕಟ್ಟಿದ್ದು 550 ಡಾಲರ್, ಇನ್ನೂ ಬಾಕಿ 541!

ಅದೇ ಊರಲ್ಲಿ ಕೇಸು ವಜಾ ಆಗುವ ಸಾಧ್ಯತೆ ಕಪ್ಪು ಜನಕ್ಕೆ ಉಳಿದವರಿಗಿಂತ ನೂರಕ್ಕೆ 68ರಷ್ಟು ಕಡಿಮೆ ಇತ್ತು. ಊರಿನ ಅಧಿಕಾರಿಗಳು ತಮಗೆ ಬೇಕಾದವರ ಚೀಟಿಯನ್ನು ಸುಮ್ನೆ ಹರಿದುಹಾಕುತ್ತಿದ್ದದ್ದೂ ವರದಿಯಲ್ಲಿದೆ. ವಶೀಲಿ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ರಾಜಧಾನಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಎಷ್ಟೇ ಒಳ್ಳೆ ತೀರ್ಪು ಕೊಡಲಿ, ಸಾಮಾನ್ಯ ಮನುಷ್ಯ ನೋಡುವುದು ಈ ಟ್ರಾಫಿಕ್ ಕೋರ್ಟಿನ ಕೌಂಟರ್. ಆ ಕಾರಿನ ಹೆಂಗಸಿಗೆ ಮಕ್ಕಳಿರಬಹುದು, ಅಣ್ಣತಮ್ಮಂದಿರು ಇರಬಹುದು, ಅವರೆಲ್ಲರ ಪಾಲಿಗೂ ಕೋರ್ಟ್ ಅಂದರೆ ಅದೇ.

ಅಂದಹಾಗೆ, ಇದು ಶಿಕ್ಷೆ ಆದವರ ಗೊಣಗಾಟ ಮಾತ್ರ ಅಲ್ಲ. ಅಲ್ಲಿನ ರಾಜ್ಯ ಕೋರ್ಟುಗಳ ರಾಷ್ಟ್ರೀಯ ಕೇಂದ್ರ 1999ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಕಪ್ಪು ಜನರ ಪೈಕಿ ನೂರಕ್ಕೆ ಸುಮಾರು 70 ಮಂದಿ, ತಮ್ಮವರನ್ನು ಕೋರ್ಟು ಉಳಿದವರಿಗಿಂತ ಕೀಳಾಗಿ ಕಾಣುತ್ತದೆ ಅಂದಿದ್ದರು. ಅದು ನಿಜ ಅಂತ ಒಪ್ಪಿಕೊಂಡ ಬಿಳಿಯರೇ ನೂರಕ್ಕೆ 40ಕ್ಕಿಂತ ಹೆಚ್ಚು. ಅವರಿಗೇನು ಕೋರ್ಟಿನ ಮೇಲೆ ಸಿಟ್ಟಿತ್ತಾ?

ಪ್ರಶ್ನೆ: ಓ. ಜೆ. ಸಿಂಪ್ಸನ್‌ನನ್ನು ಕಪ್ಪು ಜ್ಯೂರಿ ಬಿಟ್ಟುಬಿಡಲಿಲ್ವಾ? ಅದು ಪಕ್ಷಪಾತ ಅಲ್ವಾ? — ಹುಬ್ಬಳ್ಳಿ

ಗೊತ್ತಿಲ್ಲದವರಿಗೆ: ಸಿಂಪ್ಸನ್ ಅಲ್ಲಿನ ಹೆಸರಾಂತ ಕಪ್ಪು ಫುಟ್‌ಬಾಲ್ ಆಟಗಾರ, ಮಾಜಿ ಹೆಂಡತಿಯನ್ನೂ ಆಕೆಯ ಗೆಳೆಯನನ್ನೂ ಕೊಂದ ಆರೋಪ ಅವನ ಮೇಲಿತ್ತು. ಜ್ಯೂರಿಯ 12 ಜನರಲ್ಲಿ 9 ಜನ ಕಪ್ಪು ಜನ ಅನ್ನೋದು ನಿಜ. 1995ರ ಅಕ್ಟೋಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ತೀರ್ಮಾನ ಮಾಡಿದರು ಅನ್ನೋದೂ ನಿಜ. ಆದರೆ ಅದರ ಹಿಂದಿನ ಮೂರು ನಾಲ್ಕು ವರ್ಷ ಅದೇ ಲಾಸ್ ಏಂಜಲೀಸಿನಲ್ಲಿ ಏನಾಗಿತ್ತು ನೋಡಿ. ರಾಡ್ನಿ ಕಿಂಗ್ ಅನ್ನುವ ಕಪ್ಪು ಯುವಕನನ್ನು ಪೊಲೀಸರು ಬಡಿಯುವುದನ್ನು ಇಡೀ ಜಗತ್ತೇ ವಿಡಿಯೊದಲ್ಲಿ ನೋಡಿತ್ತು. ಕೇಸನ್ನು ಸಿಮಿ ವ್ಯಾಲಿ ಅನ್ನುವ, ಬಿಳಿಯರೇ ಜಾಸ್ತಿ ಇರುವ ಊರಿಗೆ ವರ್ಗ ಮಾಡಿದರು. ಒಬ್ಬ ಕಪ್ಪು ವ್ಯಕ್ತಿಯೂ ಇಲ್ಲದ ಜ್ಯೂರಿ 1992ರ ಏಪ್ರಿಲ್ 29ರಂದು ಪೊಲೀಸರನ್ನು ಬಿಟ್ಟಿತು. ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮುಂಚೆ 15 ವರ್ಷದ ಕಪ್ಪು ಹುಡುಗಿ ಲತಾಶಾ ಹಾರ್ಲಿನ್ಸ್ ವಿಷಯ. ಕಿತ್ತಳೆ ಜ್ಯೂಸಿನ ಬಾಟಲಿ ವಿಷಯಕ್ಕೆ ಜಗಳ ಆಗಿ ಕೊರಿಯಾ ಮೂಲದ ಅಂಗಡಿಯಾಕೆ ಆ ಹುಡುಗಿಯ ತಲೆಯ ಹಿಂದಕ್ಕೆ ಗುಂಡು ಹೊಡೆದಳು. ಜ್ಯೂರಿ ತಪ್ಪಿತಸ್ಥೆ ಅಂದಿತು, ಜಡ್ಜು ಜೈಲಿಗೆ ಕಳಿಸಲೇ ಇಲ್ಲ. ಪ್ರೊಬೇಷನ್, ಸಮಾಜ ಸೇವೆ ಮತ್ತು 500 ಡಾಲರ್ ದಂಡ.

ಸಿಂಪ್ಸನ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅವನೇ ಮಾಡಿದ್ದು ಅಂತ ನನಗನ್ನಿಸುತ್ತದೆ. ವರ್ಷಗಳ ಮೇಲೆ ಕೇಳಿದಾಗ ಅಲ್ಲಿನ ಕಪ್ಪು ಜನರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೇ ಹೇಳಿದರು. ಆದರೆ ತೀರ್ಪು ಕೇಳಿ ಕಪ್ಪು ಜನ ಅವತ್ತು ಕುಣಿದದ್ದು ಅವನಿಗಾಗಿ ಅಲ್ಲ.

ಪ್ರಶ್ನೆ: ನಾನು ಮೈಸೂರಿನವಳು, ಮಗನ ಮನೆ ಲಂಡನ್ ಹತ್ತಿರ. ಮಗನಿಗೆ ಅಲ್ಲಿನ ಪೊಲೀಸು, ಕೋರ್ಟು ಅಂದರೆ ಎಲ್ಲಿಲ್ಲದ ಗೌರವ. ಅಲ್ಲೇ ಹುಟ್ಟಿದ ಮೊಮ್ಮಗಳು ಮಾತ್ರ 'ಅಜ್ಜಿ, ಅವರೆಲ್ಲ ನಮ್ಮ ಬಣ್ಣ ನೋಡಿ ಮಾತಾಡ್ತಾರೆ' ಅಂತ ವಾದಕ್ಕೆ ನಿಲ್ತಾಳೆ. ಯಾರು ಸರಿ?

ಅಮ್ಮಾ, ನಿಮ್ಮ ಮನೆಯ ಜಗಳ ದೊಡ್ಡ ದೊಡ್ಡ ವರದಿಗಳಲ್ಲೇ ಬಂದಿದೆ. ಹೊರಗಿಂದ ಹೋದವರು ಹೊಸ ದೇಶದ ಕೋರ್ಟನ್ನು ತಾವು ಬಿಟ್ಟುಬಂದ ಊರಿನ ಕೋರ್ಟಿನ ಜೊತೆ ಹೋಲಿಸಿ ನೋಡ್ತಾರೆ. ವರ್ಷಗಟ್ಟಲೆ ವಾಯಿದೆ ಇಲ್ಲ, ಕೈ ಬಿಸಿ ಮಾಡಬೇಕಿಲ್ಲ, ಅಬ್ಬಾ ಅನ್ನಿಸುತ್ತದೆ. ಅಲ್ಲೇ ಹುಟ್ಟಿದ ಮಕ್ಕಳು ತಮ್ಮನ್ನು ಹೋಲಿಸಿಕೊಳ್ಳೋದು ಪಕ್ಕದ ಬೆಂಚಿನ ಬಿಳಿ ಗೆಳತಿ ಜೊತೆ.

ಡೇವಿಡ್ ಲ್ಯಾಮಿ ಅನ್ನುವ ಸಂಸದರು 2017ರಲ್ಲಿ ಬ್ರಿಟನ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಇಂಗ್ಲೆಂಡ್, ವೇಲ್ಸ್‌ನಲ್ಲೇ ಹುಟ್ಟಿದ ಕಪ್ಪು, ಏಷ್ಯನ್ ಮುಂತಾದ ಸಮುದಾಯದವರಲ್ಲಿ ನೂರಕ್ಕೆ 51 ಮಂದಿ ಈ ನ್ಯಾಯ ವ್ಯವಸ್ಥೆ ಭೇದ ಮಾಡುತ್ತದೆ ಅಂದರು. ಬಿಳಿಯರಲ್ಲಿ 35. ಅದೇ ವರದಿಯಲ್ಲಿ ನಿಮ್ಮ ಮಗನಿಗೆ ಖುಷಿಯಾಗುವ ಮಾತೂ ಇದೆ. ಅಲ್ಲಿನ ಜ್ಯೂರಿಗಳು ಬಣ್ಣ ನೋಡಿ ತೀರ್ಪು ಕೊಡ್ತಿಲ್ಲ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರ ಅಂತ.

ಆದರೆ ನಂಬಿಕೆ ಇಲ್ಲದಿರುವುದೇ ಒಂದು ಏಟು ಕೊಡುತ್ತದೆ, ಅದನ್ನು ಲ್ಯಾಮಿ ಚೆನ್ನಾಗಿ ತೋರಿಸಿದರು. ಅಲ್ಲಿ ಶುರುವಿನಲ್ಲೇ ತಪ್ಪು ಒಪ್ಪಿಕೊಂಡರೆ ಶಿಕ್ಷೆಯಲ್ಲಿ ಮೂರನೇ ಒಂದು ಭಾಗದವರೆಗೆ ಕಡಿತ ಸಿಗುತ್ತದೆ. ಸ್ಟೇಷನ್ನಿನಲ್ಲಿ ಸರ್ಕಾರದ ಖರ್ಚಿನಲ್ಲಿ ಬರುವ ವಕೀಲರು 'ಒಪ್ಪಿಕೊಳ್ಳಿ, ಒಳ್ಳೇದು' ಅಂತ ಸಲಹೆ ಕೊಡ್ತಾರೆ. ಕಪ್ಪು ಹುಡುಗ ಏನು ಯೋಚನೆ ಮಾಡ್ತಾನೆ? ಇವನೂ ಪೊಲೀಸರ ಕಡೆಯವನೇ ಅಂತ. ಒಪ್ಪಿಕೊಳ್ಳಲ್ಲ. 2006ರಿಂದ 2014ರ ನಡುವೆ ಕ್ರೌನ್ ಕೋರ್ಟಿನಲ್ಲಿ (ಅಲ್ಲಿ ದೊಡ್ಡ ಕ್ರಿಮಿನಲ್ ಕೇಸು ನಡೆಯುವ ಕೋರ್ಟು) ತಪ್ಪು ಒಪ್ಪಿಕೊಳ್ಳದ ಕಪ್ಪು ಆರೋಪಿಗಳು ನೂರಕ್ಕೆ 41, ಬಿಳಿಯರು 31. ಆಮೇಲೆ ತಪ್ಪು ಸಾಬೀತಾದರೆ ಕಡಿತ ಇಲ್ಲ, ಪೂರ್ತಿ ಶಿಕ್ಷೆ. ಜಾಸ್ತಿ ವರ್ಷ ಒಳಗಿದ್ದು ಬಂದವನನ್ನು ನೋಡಿ ಅವನ ತಮ್ಮನೂ ನಂಬಲ್ಲ.

ಮೊಮ್ಮಗಳ ಜೊತೆ ವಾದ ಮಾಡುವಾಗ ನಿಮಗೆ ಬೇಕಾದರೆ ಇದನ್ನೂ ಹೇಳಿ. ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅನ್ನುವ ಸಿಖ್ಖರು ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಆಗಿನ ಕಾನೂನಿನಂತೆ ಪೌರತ್ವ ಸಿಗಲು ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. 1923ರಲ್ಲಿ ಜಡ್ಜುಗಳೆಲ್ಲ ಒಮ್ಮತದಿಂದ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಈತ ಬಿಳಿಯ ಅಲ್ಲ ಅಂತ ಅರ್ಜಿ ವಿರುದ್ಧ ತೀರ್ಪು ಕೊಟ್ಟರು. ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಥಿಂಡ್ ಅವರ ವಕೀಲರ ವಾದದಲ್ಲಿ ಈತ ಮೇಲ್ಜಾತಿಯವನು, ಆರ್ಯ ಅನ್ನುವುದೂ ಇತ್ತು, ಅದನ್ನು ಓದಿದರೆ ಬೇರೆ ರೀತಿಯ ಬೇಜಾರಾಗುತ್ತದೆ. 1946ರವರೆಗೆ ನಮ್ಮವರಿಗೆ ಆ ಬಾಗಿಲು ಮುಚ್ಚಿಯೇ ಇತ್ತು.

ಪ್ರಶ್ನೆ: ನಮ್ಮ ದೇಶದಲ್ಲೂ ಜ್ಯೂರಿ ಇತ್ತಲ್ಲ, ಅದರಲ್ಲೂ ಬಣ್ಣ ಇತ್ತಾ? — ಕಲಬುರಗಿ

ಇತ್ತು. ಶಾಲೆಯಲ್ಲಿ ಇಲ್ಬರ್ಟ್ ಬಿಲ್ ಅಂತ ಓದಿದ್ದು ನೆನಪಿದೆಯಾ? 1883ರಲ್ಲಿ ಭಾರತೀಯ ಜಡ್ಜುಗಳೂ ಜಿಲ್ಲೆಗಳಲ್ಲಿ ಯೂರೋಪಿಯನ್ನರ ವಿಚಾರಣೆ ಮಾಡಬಹುದು ಅಂತ ತಂದ ಮಸೂದೆ. ಇಲ್ಲಿನ ಬಿಳಿಯರು ರಂಪ ಎಬ್ಬಿಸಿದರು. ಕೊನೆಗೆ 1884ರಲ್ಲಿ ರಾಜಿ ಆಯಿತು: ಆರೋಪಿ ಬಿಳಿಯನಾದರೆ, ಜ್ಯೂರಿಯಲ್ಲಿ ಕನಿಷ್ಠ ಅರ್ಧ ಯೂರೋಪಿಯನ್ನರು ಅಥವಾ ಅಮೆರಿಕನ್ನರು ಇರಲಿ ಅಂತ ಕೇಳಬಹುದು. ಭಾರತೀಯ ಜಡ್ಜು ಕೂತ ಕೋರ್ಟನ್ನು ನಂಬಲ್ಲ ಅಂತ ಬಿಳಿಯರು ಅಷ್ಟು ಗಲಾಟೆ ಮಾಡಿದ್ದರು. ಆಗ ಅದನ್ನು ಯಾರೂ ಗೊಣಗಾಟ ಅನ್ನಲಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಕಾರು ಅಪಘಾತದ ಕೇಸಿನಲ್ಲಿ ನಮ್ಮತ್ತೆ ಸಾಕ್ಷಿ ಹೇಳಬೇಕು. ಅವರಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಯಜಮಾನರು 'ನಾನೇ ಪಕ್ಕದಲ್ಲಿ ನಿಂತು ಹೇಳ್ತೀನಿ' ಅಂತಿದ್ದಾರೆ. ಆಗುತ್ತಾ?

ಬೇಡ, ಬೇಡವೇ ಬೇಡ. ಮಗ ಹೇಳಿದ್ದು ಅಮ್ಮನ ಮಾತಾ, ಮಗನ ಮಾತಾ ಅಂತ ಎದುರು ವಕೀಲರು ಹಿಡ್ಕೊಂಡರೆ ಕೇಸೇ ಕೆಡುತ್ತದೆ.

ಭಾಷೆ ಬರದವರ ಪಾಡು ಏನು ಅಂತ ತಿಳಿಯಲು ನೆಗ್ರಾನ್ ಅನ್ನುವವರ ಕೇಸು ನೋಡಿ. ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ಕೂಲಿಗೆ ಬಂದವರು, ಬರುತ್ತಿದ್ದದ್ದು ಸ್ಪ್ಯಾನಿಷ್ ಮಾತ್ರ. 1967ರಲ್ಲಿ ಕೊಲೆ ಆರೋಪದ ಮೇಲೆ ವಿಚಾರಣೆ. ಇವರು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಕೋರ್ಟಿಗೆ ಇಂಗ್ಲಿಷಿನಲ್ಲಿ ಹೇಳಲು ಒಬ್ಬರಿದ್ದರು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ನಡೆದದ್ದನ್ನು ಇವರಿಗೆ ಹೇಳಲು ಯಾರೂ ಇರಲಿಲ್ಲ! ಎರಡು ಬಿಡುವಿನಲ್ಲಿ ಹತ್ತಿಪ್ಪತ್ತು ನಿಮಿಷ ಸಾರಾಂಶ ಹೇಳಿದರು, ಅಷ್ಟೇ. ತನ್ನದೇ ವಿಚಾರಣೆಯಲ್ಲಿ ಆ ಮನುಷ್ಯ ಬೆಪ್ಪಾಗಿ ಕೂತಿದ್ದರು. 1970ರಲ್ಲಿ ಮೇಲಿನ ಕೋರ್ಟು ಇದು ವಿಚಾರಣೆಯೇ ಅಲ್ಲ ಅಂತ ಎತ್ತಿಹಿಡಿದ ಮೇಲೆ ಗಾಳಿ ಬದಲಾಯಿತು, 1978ರಲ್ಲಿ ಫೆಡರಲ್ ಕೋರ್ಟುಗಳಿಗೆ ದುಭಾಷಿಗಳ ಕಾನೂನು ಬಂತು.

ನಿಮ್ಮ ರಾಜ್ಯದಲ್ಲಿ ಸಿವಿಲ್ ಕೇಸಿಗೂ ಕೋರ್ಟಿನ ಕಡೆಯಿಂದ ದುಭಾಷಿ ಕೇಳಬಹುದು. ಐಎನ್‌ಟಿ-300 ಅಂತ ಒಂದು ಫಾರಂ ಇದೆ, ಅದನ್ನು ಈಗಲೇ ತುಂಬಿ ಕೊಡಿ, ದಿನ ಹತ್ತಿರ ಬಂದಮೇಲೆ ಓಡಾಡಬೇಡಿ. ಪಂಜಾಬಿಗೆ ಅಲ್ಲಿ ಸರ್ಟಿಫೈಡ್ ದುಭಾಷಿಗಳಿದ್ದಾರೆ, ಕನ್ನಡಕ್ಕೆ ಆ ಪರೀಕ್ಷೆ ಇಲ್ಲ. ರಿಜಿಸ್ಟರ್ಡ್ ಅನ್ನುವ ಇನ್ನೊಂದು ವರ್ಗದಲ್ಲಿ ಹುಡುಕಬೇಕಾಗುತ್ತದೆ, ಅದಕ್ಕೆ ಟೈಮ್ ಬೇಕು. ಫಾರಮ್ಮಿನಲ್ಲಿ ಬರೀ 'ಇಂಡಿಯನ್' ಅಂತ ಬರೆದರೆ ಹಿಂದಿಯವರು ಬಂದು ನಿಂತರೂ ಆಶ್ಚರ್ಯ ಇಲ್ಲ, ಕನ್ನಡ ಅಂತ ಸ್ಪಷ್ಟವಾಗಿ ಬರೆಯಿರಿ. ಅತ್ತೆಯವರ ಮಾತು ಧಾರವಾಡ ಕಡೆಯದೋ ಮಂಗಳೂರು ಕಡೆಯದೋ ಆಗಿದ್ದರೆ ಅದನ್ನೂ ಒಂದು ಸಾಲು ಸೇರಿಸಿ.